ಬೆಂಕಿ ಖಾತೆ

ಗಾಲಿಯ ಮೇಲೆ ಮನೆ ಹೂಡಿಕೊಂಡು ತಿರುಗುವುದು ಸಗರ ನಾಡಿಗೆ ಹೊಸದೇನಲ್ಲ. ತಿಂಥಣಿ ಮೌನೇಶ್ವರನ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟುತ್ತಿದ್ದ ಕಾಲದಲ್ಲೂ ಅದರೊಳಗೆ ಒಂದು ಪೂರ್ತಿ ಸಂಸಾರ ಇರುತ್ತಿತ್ತು: ರೊಟ್ಟಿಯ ಬುಟ್ಟಿ, ಹಸುಗೂಸು, ಮುನಿಸಿಕೊಂಡ ಒಬ್ಬ ಬೀಗ. ಇಲ್ಲದಿದ್ದುದು ಒಲೆ ಮಾತ್ರ. ಒಲೆಗೆ ಮೂರು ಕಲ್ಲು ಬೇಕು, ಶಹಾಪುರ, ಸುರಪುರದ ಕಡೆ ಕಲ್ಲಿಗೆಲ್ಲಿಯ ಬರ? ಎತ್ತು ಬಿಚ್ಚಿದಲ್ಲೇ ಅಡಿಗೆಮನೆ. ಬಂಡಿಗೆ ಬೆಂಕಿಯ ಭಯವಿದ್ದದ್ದು ಅಚ್ಚಿನ ಕಡೆಯಿಂದ. ಕೀಲೆಣ್ಣೆ ಆರಿದರೆ ಕಟ್ಟಿಗೆಗೆ ಕಟ್ಟಿಗೆ ತಿಕ್ಕಿ ಹೊಗೆಯಾಡುತ್ತಿತ್ತು. ಅದಕ್ಕೆಂದೇ ಬಂಡಿಯ ಹಿಂದೆ ಎಣ್ಣೆಯ ಗೊಟ್ಟ ತೂಗಾಡುತ್ತಿತ್ತು. ಅಗ್ನಿಸುರಕ್ಷೆ ಅಷ್ಟಕ್ಕೇ ಮುಗಿಯಿತು.

ಆ ಮೂರು ಕಲ್ಲನ್ನು ಗಾಡಿಯೊಳಗೇ ಎತ್ತಿಟ್ಟ ಪುಣ್ಯಾತ್ಮ ನನ್ನ ಹೆಂಡತಿಯ ತಮ್ಮ. ಕೇರಳದವರು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದರೆಂದು ಆತ ಎಲ್ಲೋ ಓದಿದ. ಅಮೆರಿಕದ ಗಂಡ ಹೆಂಡಿರು ಮನೆ ಮಾರಿ ಬಸ್ಸಿನಲ್ಲಿ ಸಂಸಾರ ಮಾಡುವ ವಿಡಿಯೊಗಳನ್ನು ಬೆಳತನಕ ನೋಡಿದ. ಕೊನೆಗೆ, ಬೆಂಗಳೂರಿನಲ್ಲಿ ಯಾರೋ ಹುಮ್ಮಸ್ಸಿನಲ್ಲಿ ಮಾಡಿಸಿ ಬೇಸತ್ತು ಮಾರುತ್ತಿದ್ದ ಮನೆಗಾಡಿಯೊಂದನ್ನು ಸುರಪುರಕ್ಕೆ ಹೊಡೆದುಕೊಂಡು ಬಂದೇಬಿಟ್ಟ. ಒಳಗೆ ಎರಡು ಮಂಚ, ಅಂಗೈಯಗಲದ ಅಡಿಗೆಕಟ್ಟೆ, ಗ್ಯಾಸಿನ ಕಪಾಟು, ಗಿಡ್ಡ ಫ್ರಿಜ್ಜು, ಸೀಟಿನಡಿ ಬ್ಯಾಟರಿ. ಓಣಿಯವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ನೋಡಿ ಬಂದರು. ಒಬ್ಬ ಅಜ್ಜಿ ಸ್ಟೇರಿಂಗಿಗೆ ಕೈಮುಗಿದು ಐದು ರೂಪಾಯಿ ಇಟ್ಟಳು.

ಮೊದಲ ಪ್ರಯಾಣ ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಎಂದು ನಿಶ್ಚಯವಾಯಿತು. ಕೂಡಲೇ ಖಾತೆ ಹಂಚಿಕೆ. ಅಡಿಗೆ ಅತ್ತೆಗೆ, ಹಣಕಾಸು ನನ್ನ ಹೆಂಡತಿಗೆ, ಸಾರಿಗೆ ಅವಳ ತಮ್ಮನಿಗೆ, ಉಳಿದ ಅಷ್ಟೂ ದಗದ ಅವನ ಹೆಂಡತಿಗೆ. ಮಾವನವರು ಖಾತೆಯಿಲ್ಲದ ಹಿರಿಯ ಸಚಿವರು. ನಾನು ಉಳಿದೆ. ರೊಟ್ಟಿ ಬಡಿಯಲು ಬಾರದವನು, ಕ್ಲಚ್ಚು ಯಾವುದು ಬ್ರೇಕು ಯಾವುದು ಅರಿಯದವನು, ರೊಕ್ಕ ಕೈಗೆ ಬಂದರೆ ಎಲ್ಲೋ ಇಟ್ಟು ಮರೆಯುವವನು. "ನೀವು ಬೆಂಕಿ ನೋಡ್ಕೊರ್ರಿ," ಎಂದಳು ಹೆಂಡತಿ. ಬೆಂಕಿ ಹತ್ತದಿದ್ದರೆ ನನಗೆ ಕೆಲಸವಿಲ್ಲ, ಹತ್ತಿದರೆ ನನ್ನಿಂದ ಆಗುವುದೇನೂ ಇಲ್ಲ. ಇಂಥ ನಿರಪಾಯದ ಹುದ್ದೆ ನನಗೆ ತಾಲ್ಲೂಕು ಕಚೇರಿಯ ಇಡೀ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ. ಅಂದೇ ಒಂದು ಕಡತ ತೆರೆದೆ.

ಕಡತದ ಮೊದಲ ಪುಟ ಗ್ಯಾಸು. ಅಡಿಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಮೂಗಿಗೆ ತಿಳಿಯಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬುನಾತದ ವಸ್ತುವನ್ನು ಬೆರೆಸಿರುತ್ತಾರೆ. ಈ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲು ಕಿಟಕಿಗಳಿಂದ ಹೇಗೋ ಹೊರಗೆ ಹರಿದೀತು. ಮನೆಗಾಡಿಯ ನೆಲ ನಾಲ್ಕೂ ಕಡೆ ಅಂಚು ಕಟ್ಟಿದ ಪರಾತ, ಅಲ್ಲೇ ಕೂತಿರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಒಂದು ಕಿಡಿ ಸಾಕು. ಯುರೋಪಿನ ಮನೆಗಾಡಿಗಳಲ್ಲಿ ಗ್ಯಾಸಿನ ಕಪಾಟಿನ ತಳಕ್ಕೆ ಬೇಕೆಂದೇ ತೂತು ಬಿಟ್ಟಿರುತ್ತಾರೆ, ಸೋರಿದ್ದು ಕೆಳಗಿಳಿದು ರಸ್ತೆಯ ಪಾಲಾಗಲಿ ಎಂದು. ನಮ್ಮ ಗಾಡಿಯಲ್ಲೂ ಅಂಥ ತೂತುಗಳಿದ್ದವು. ಜಿರಲೆ ಬರುತ್ತವೆಂದು ನಾನು ಅವಕ್ಕೆ ಬಟ್ಟೆ ತುರುಕಿ, ಮೇಲೆ ಎಂ-ಸೀಲ್ ಮೆತ್ತಿ, ನೀಟಾಗಿ ಮುಚ್ಚಿ ಒಂದು ವಾರವಾದ ಮೇಲೆ ಈ ಮಾಹಿತಿ ಓದಿದ್ದು. ಅದನ್ನು ಕೆತ್ತಿ ತೆಗೆಯಲು ಹಿಡಿದ ಹೊತ್ತನ್ನು ಕಡತದಲ್ಲಿ 'ಸುಧಾರಣಾ ಕಾಮಗಾರಿ' ಎಂದು ತೋರಿಸಿದ್ದೇನೆ.

ಆಮೇಲೆ ಎರಡು ಯಂತ್ರ ತರಿಸಿದೆ. ಒಂದು ಗ್ಯಾಸು ಸೋರಿದರೆ ಕೂಗುವುದು, ಇನ್ನೊಂದು ಹೊಗೆ ಕಂಡರೆ ಕೂಗುವುದು. ಎರಡನ್ನೂ ನನ್ನ ಕಣ್ಣಿನ ಮಟ್ಟಕ್ಕೆ, ಕ್ಯಾಲೆಂಡರಿನ ಎಡಕ್ಕೊಂದು ಬಲಕ್ಕೊಂದು ಚಂದವಾಗಿ ಹೊಡೆದೆ. ಹೆಂಡತಿ ಬಂದು ನೋಡಿದಳು.

"ಗ್ಯಾಸ್ ಕೆಳಗ ಇಳೀತದ ಅಂತ ನಿನ್ನೆ ನೀವೇ ಓದಿ ಹೇಳಿದ್ರಿ."

"ಹೌದು."

"ಹೊಗಿ ಮ್ಯಾಲ ಏರ್ತದ."

"ಹೌದು."

"ಮತ್ತ ಇವು ನಡುವ ಯಾಕ ಕುಂತಾವ? ಹೋಗೋರ್ನ ಬರೋರ್ನ ಎಣಸ್ಲಾಕ?"

ಗ್ಯಾಸಿನದು ನೆಲದಿಂದ ಗೇಣು ಎತ್ತರಕ್ಕೆ ಇಳಿಯಿತು, ಹೊಗೆಯದು ಮಾಳಿಗೆಗೆ ಏರಿತು. ಗೋಡೆಯಲ್ಲಿ ಉಳಿದ ಮೊಳೆಯ ತೂತುಗಳನ್ನು ಮುಚ್ಚಲು ಕ್ಯಾಲೆಂಡರನ್ನು ಓರೆ ಮಾಡಬೇಕಾಯಿತು.

ಹೊಗೆಯ ಯಂತ್ರವನ್ನು ಮಾಡಿದ ದೇಶದಲ್ಲಿ ಒಗ್ಗರಣೆ ಇಲ್ಲವೆಂದು ಕಾಣುತ್ತದೆ. ಅತ್ತೆ ಅಂಗಳದಲ್ಲಿ ನಿಂತ ಗಾಡಿಯಲ್ಲೇ ಪ್ರಾಯೋಗಿಕವಾಗಿ ಖಾರಬ್ಯಾಳಿಗೆ ಒಣಮೆಣಸಿನಕಾಯಿ ಸಿಡಿಸಿದಾಗ ಅದು ಹೊಯ್ಕೊಂಡ ಪರಿಗೆ ಎದುರುಮನೆಯ ಎಮ್ಮೆ ಹಗ್ಗ ಹರಿಯಿತು. ಎರಡನೆಯ ದಿನ ಶೇಂಗಾ ಹುರಿಯುವಾಗ ಅದೇ ಕತೆ. ಮೂರನೆಯ ದಿನ ನೋಡಿದರೆ ಯಂತ್ರದ ತಲೆಗೆ ಮಾವನವರ ಮಂಗನ ಟೋಪಿ ಬಿಗಿದಿತ್ತು. "ಥಂಡಿ ಹತ್ತಿರಬೇಕು ಪಾಪ, ಒಂದೇ ಸವನ ಒದರ್ತದ," ಎಂದರು ಅತ್ತೆ. ಸುರಕ್ಷಾ ಸಾಧನಕ್ಕೆ ಹೊದಿಕೆ ಹಾಕುವುದು ನಿಯಮಬಾಹಿರ ಎಂದು ನಾನು ಟಿಪ್ಪಣಿ ಬರೆದಿಟ್ಟೆ. ಟಿಪ್ಪಣಿಯ ಹಾಳೆ ಮರುದಿನ ಶೇಂಗಾ ಹಿಂಡಿ ಕಟ್ಟಲು ಬಳಕೆಯಾಯಿತು.

ಸಿಲಿಂಡರಿಗೂ ಕಾಲಾವಧಿ ಉಂಟೆಂಬುದು ಕಡತ ತೆರೆಯುವ ತನಕ ನನಗೆ ಗೊತ್ತಿರಲಿಲ್ಲ. ಅದರ ಕೊರಳಪಟ್ಟಿಯ ಒಳಗೆ ಒಂದು ಅಕ್ಷರ, ಒಂದು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ವರ್ಷದ ಕೊನೆಯ ಮೂರು ತಿಂಗಳು; ಅಂಕಿ ಇಸವಿಯದು. ಅಷ್ಟರೊಳಗೆ ಆ ಸಿಲಿಂಡರು ಮತ್ತೆ ಪರೀಕ್ಷೆಗೆ ಹೋಗಬೇಕು. ಈ ಗುಟ್ಟು ತಿಳಿದ ಮೇಲೆ ನಾನು ಮನೆಯ ಸಿಲಿಂಡರಿಗೆ ನಿಲ್ಲಲಿಲ್ಲ. ಓಣಿಯ ಅಡಿಗೆಮನೆಗಳನ್ನೆಲ್ಲ ಹೊಕ್ಕು, ಬಗ್ಗಿ, ಟಾರ್ಚ್ ಹಾಕಿ ಓದತೊಡಗಿದೆ. ಗ್ಯಾಸಿನ ಕೆವೈಸಿಯವನು ಬಂದಿದ್ದಾನೆಂದು ಹೆಂಗಸರು ಆಧಾರ್ ಕಾರ್ಡಿನ ಝೆರಾಕ್ಸ್ ತಂದು ಕೈಗಿಟ್ಟರು. ಬೇಡವೆಂದರೆ ಕೇಳಲಿಲ್ಲ. ಆ ಕಾಗದಗಳನ್ನೆಲ್ಲ ಮನೆಮನೆಗೆ ತಿರುಗಿ ಮುಟ್ಟಿಸುವ ಹೊತ್ತಿಗೆ ಸಬ್ಸಿಡಿ ಯಾವಾಗ ಬರುತ್ತದೆಂದು ಕೇಳುವವರು ನಮ್ಮ ಕಟ್ಟೆಯ ಮೇಲೆ ಕೂತಿದ್ದರು.

ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕಂತೆ. ನಮ್ಮ ಮನೆಯದು ಮಗನ ಮದುವೆಗಿಂತ ಹಿರಿಯದು. ಸೋರಿಕೆ ನೋಡುವುದಕ್ಕೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡಬೇಕು. ಮಾವನವರು ಕಡ್ಡಿ ಗೀರಿ ನೋಡುವ ತಲೆಮಾರಿನವರು, "ಹತ್ತಿದ್ರ ಸೋರ್ತದ, ಹತ್ತಲಿಲ್ಲ ಅಂದ್ರ ಇಲ್ಲ, ಅದರಾಗೇನದ?" ಎಂದು ಕಡ್ಡಿಪೆಟ್ಟಿಗೆ ಹೊರತೆಗೆದರು. ಆ ಪೆಟ್ಟಿಗೆಯನ್ನು ವಶಪಡಿಸಿಕೊಂಡದ್ದೇ ನನ್ನ ಖಾತೆಯ ಈವರೆಗಿನ ದೊಡ್ಡ ಸಾಧನೆ. ಅವರು ಎರಡು ದಿನ ಬೀಡಿ ಬಿಟ್ಟರು, ಮೂರನೆಯ ದಿನ ಲೈಟರ್ ಕೊಂಡರು.

ಇಷ್ಟು ತಮಾಷೆಯ ನಡುವೆ ಒಂದು ಸುದ್ದಿಯ ತುಣುಕನ್ನು ಕತ್ತರಿಸಿ ಕಡತಕ್ಕೆ ಅಂಟಿಸಿದ್ದೆ. ಅದನ್ನು ಓದಿದ ದಿನ ಮನೆಯಲ್ಲಿ ಯಾರೂ ನಗಲಿಲ್ಲ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ರೈಲುಬೋಗಿ. ಲಖನೌ ಕಡೆಯಿಂದ ತೀರ್ಥಯಾತ್ರೆಗೆ ಹೊರಟವರು. ರೈಲಿನಲ್ಲಿ ಒಯ್ಯಬಾರದೆಂಬ ನಿಯಮವಿದ್ದರೂ ಯಾರೋ ಒಳಗೆ ಗ್ಯಾಸ್ ಸಿಲಿಂಡರು ತಂದಿದ್ದರು, ನಸುಕಿನಲ್ಲಿ ಚಹಾಕ್ಕೆಂದು ಒಲೆ ಹಚ್ಚಿದರು. ಒಂಬತ್ತು ಜನ ಹೋದರು. ಅತ್ತೆ ಕೇಳಿದ್ದು ಒಂದೇ ಮಾತು: "ಕೆಳಗಿಳಿದು ಮಾಡ್ಲಾಕ ಏನಾಗಿತ್ತು?" ಅಂದಿಗೆ ನಮ್ಮ ಗಾಡಿಯ ಅಂಗೈಯಗಲದ ಅಡಿಗೆಕಟ್ಟೆಯ ಕತೆ ಮುಗಿಯಿತು. ಸಣ್ಣ ಐದು ಕಿಲೋ ಸಿಲಿಂಡರು, ಅದೂ ನೆಟ್ಟಗೆ ನಿಲ್ಲಿಸಿ ಬೆಲ್ಟು ಬಿಗಿದು. ಗಾಡಿ ಓಡುವಾಗ ರೆಗ್ಯುಲೇಟರು ಬಿಚ್ಚಿ, ಬಾಯಿಗೆ ಮುಚ್ಚಳ ಹಾಕಿ. ಅಡಿಗೆ ಏನಿದ್ದರೂ ಗಾಡಿ ನಿಲ್ಲಿಸಿ, ಒಲೆ ಸಿಲಿಂಡರು ಎರಡನ್ನೂ ಹೊರಗೆ ತೆಗೆದು, ಗಿಡದ ಬುಡದಲ್ಲಿ. ಲಕ್ಷಗಟ್ಟಲೆ ಸುರಿದು ಮಾಡಿಸಿದ ಅಡಿಗೆಕಟ್ಟೆಯ ಮೇಲೆ ಈಗ ಮಾವನವರ ಹಲ್ಲುಸೆಟ್ಟಿನ ಡಬ್ಬಿ ಇರುತ್ತದೆ. ಕೊಲ್ಲಾರಿ ಬಂಡಿಯವರು ಇದನ್ನು ಬಿಟ್ಟಿ ಕಂಡುಕೊಂಡಿದ್ದರು, ನಾವು ಕಂತು ಕಟ್ಟಿ ಕಂಡುಕೊಂಡೆವು.

ಅಮೆರಿಕದ ಮನೆಗಾಡಿಗಳಲ್ಲಿ ಎಷ್ಟೋ ಫ್ರಿಜ್ಜುಗಳು ಗ್ಯಾಸಿನ ಉರಿಯಿಂದಲೇ ತಂಪಾಗುತ್ತವೆಂದು ನಾನು ಊಟದ ಹೊತ್ತಿನಲ್ಲಿ ಜ್ಞಾನ ಹಂಚಿದೆ. "ಬೆಂಕಿ ಹಚ್ಚಿ ತಣ್ಣಗ ಮಾಡ್ತಾರೇನು?" ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಹಂಗಾರ ನಿಮ್ಮ ಮಾವನ್ನೂ ಅದರಾಗ ತಾಸೊತ್ತು ಕುಂದ್ರಸ್ರಿ."

ಒಲೆ ಹೊರಗೆ ಹೋದ ಮೇಲೆ ಒಳಗೆ ಉರಿಯಬಲ್ಲದ್ದು ಏನುಳಿಯಿತು ಎಂದು ಪಟ್ಟಿ ಮಾಡಲು ಕೂತೆ. ನೈಲಾನ್ ಪರದೆ: ನಾನು ತಂದದ್ದು. ಪುಸುಪುಸು ಫೋಮಿನ ಹಾಸಿಗೆ: ನನ್ನ ನಡುವಿಗೆಂದು ನಾನೇ ಹಟ ಹಿಡಿದದ್ದು. ಉರಿದರೆ ಅದರ ಹೊಗೆಯೇ ವಿಷ, ಪರದೆ ಕರಗಿ ಮೈಗೆ ಅಂಟುತ್ತದೆ. ಅತ್ತೆ ಮಾತಾಡದೆ ಎರಡನ್ನೂ ಇಳಿಸಿ ಹತ್ತಿಬಟ್ಟೆಯ ಕೌದಿಗಳನ್ನು ಹಾಸಿದರು. ನಾಲ್ಕು ಮೊಬೈಲು, ಒಂದು ಫ್ಯಾನು, ಒಂದು ಟೇಪ್‌ರೆಕಾರ್ಡರು ಒಟ್ಟಿಗೆ ಸಿಕ್ಕಿಸುವ ವೈರಿನ ಜೊಂಪೆ: ಅದೂ ನನ್ನ ಕೈಗಾರಿಕೆ. ಮನೆಯಲ್ಲಿ ಫ್ಯೂಸು ಹೋಗುವುದೇ ಇಲ್ಲವೆಂಬುದು ನನ್ನ ಬಹುದಿನದ ಹೆಮ್ಮೆ, ಯಾಕೆಂದರೆ ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿರುತ್ತೇನೆ. ಗಾಡಿಗೂ ಅದೇ ಉಪಕಾರ ಮಾಡಿದ್ದೆ. ರಂಗಂಪೇಟೆಯಿಂದ ಬಂದ ಎಲೆಕ್ಟ್ರಿಷಿಯನ್ ಹುಡುಗ ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನನ್ನ ಮುಖ ನೋಡಿದ.

"ಸರ, ಫ್ಯೂಸ್ ಇರೋದೇ ಸಾಯ್ಲಾಕ. ನೀವು ಇದಕ್ಕ ಸಾಯ್ಲಾಕ ಬಿಟ್ಟಿಲ್ಲ. ಮುಂದ ವೈರ್ ಸಾಯ್ತದ, ಆಮ್ಯಾಲ ಗಾಡಿ, ಆಮ್ಯಾಲ..."

ಅವನು ಮುಗಿಸಲಿಲ್ಲ, ನನ್ನ ಹೆಂಡತಿ ಅಲ್ಲೇ ನಿಂತಿದ್ದಳು. ಬ್ಯಾಟರಿಯ ಪಕ್ಕದಲ್ಲೇ ಸರಿಯಾದ ಅಳತೆಯ ಫ್ಯೂಸು ಹಾಕಿ, ಟೇಪು ಸುತ್ತಿದ ಜೋಡಣೆಗಳನ್ನು ಕಿತ್ತೆಸೆದು, ಇಲಿ ಕಡಿದ ಒಂದು ವೈರನ್ನೂ ಬದಲಿಸಿ ಹೋದ. ಇಲಿಯ ಹಲ್ಲಿನ ಗುರುತು ಕಂಡಾಗ ನನಗೆ ಬಹಳ ಸಮಾಧಾನವಾಯಿತು, ಅಪರಾಧಿಗಳ ಪಟ್ಟಿಯಲ್ಲಿ ನನ್ನದಲ್ಲದ ಹೆಸರು ಅದೊಂದೇ.

ಡ್ಯಾಶ್‌ಬೋರ್ಡಿನ ಮೇಲಿನ ದೇವರ ಮುಂದೆ ಊದಿನಕಡ್ಡಿ, ಕರ್ಪೂರ ಹಚ್ಚುವ ವಿಷಯದಲ್ಲಿ ಮಾತುಕತೆ ಕಠಿಣವಾಯಿತು. ಓಡುವಾಗ ಬ್ಯಾಟರಿ ದೀಪ, ನಿಂತಾಗ ಕೆಳಗಿಳಿದು ಎಣ್ಣೆದೀಪ ಎಂದು ಒಪ್ಪಂದವಾಯಿತು. ದೇವರ ಕಡೆಯಿಂದ ತಕರಾರು ಬಂದಿಲ್ಲ.

ಇನ್ನು ಬೆಂಕಿ ಆರಿಸುವ ಕೆಂಪು ಡಬ್ಬಿ. ಒಂದು ಕಿಲೋ ಎಬಿಸಿ ಪುಡಿಯದು. ಕಟ್ಟಿಗೆ ಬಟ್ಟೆ, ಎಣ್ಣೆ ಪೆಟ್ರೋಲು, ಗ್ಯಾಸು, ಮೂರು ಬಗೆಯ ಬೆಂಕಿಗೂ ಆಗುತ್ತದೆ. ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಪಿನ್ನು ಎಳೆ, ಬೆಂಕಿಯ ಬುಡಕ್ಕೆ ಗುರಿಯಿಡು, ಹಿಡಿ ಒತ್ತು, ಎಡಬಲಕ್ಕೆ ಬೀಸು. ಎಂಟು ಹತ್ತು ಸೆಕೆಂಡಿಗೆ ಖಾಲಿ. ನಾನು ಇದನ್ನು ಮನೆಮಂದಿಗೆ ವಿವರಿಸಲು ಮುಕ್ಕಾಲು ತಾಸು ತೆಗೆದುಕೊಂಡೆ. ಅತ್ತೆ ಅದಕ್ಕೆ ವಿಭೂತಿ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದ್ದರು. ಒಲೆ ಇನ್ನೂ ಒಳಗಿದ್ದಾಗ ನಾನು ಅದನ್ನು ಒಲೆಯ ಹಿಂದಿನ ಮೂಲೆಯಲ್ಲಿ ಭದ್ರವಾಗಿ ಕೂರಿಸಿದ್ದೆ. "ಒಲಿ ಹತ್ತಿ ಉರೀಲಾಕತ್ರ ಅದನ್ನ ತರ್ಲಾಕ ಉರಿ ದಾಟಿ ಹೋಗೋರು ಯಾರು?" ಎಂದಳು ಹೆಂಡತಿ. ಡಬ್ಬಿ ಬಾಗಿಲ ಬಳಿಗೆ ಬಂತು. ಖಾತೆ ನನ್ನದೇ, ತಿದ್ದುಪಡಿಗಳೆಲ್ಲ ಅವಳವು.

ಬಾಗಿಲ ಬಳಿಗೆ ಬಂದದ್ದೇ ಮೊಮ್ಮಗನ ಕೈಗೆ ಎಟುಕಿತು. ಅವನು ಕ್ರಮ ತಪ್ಪಲಿಲ್ಲ, ಅದನ್ನು ಒಪ್ಪಬೇಕು. ಪಿನ್ನು ಎಳೆದ, ಬುಡಕ್ಕೆ ಗುರಿಯಿಟ್ಟ. ಬುಡದಲ್ಲಿ ಮಾವನವರು ಎಲೆಯಡಿಕೆ ಹಾಕುತ್ತ ಕೂತಿದ್ದರು. ಹಿಡಿ ಒತ್ತಿದ, ಎಡಬಲಕ್ಕೆ ಬೀಸಿದ. ಆ ಪುಡಿ ತೆಳುಹಳದಿ. ಮೈಲಾಪುರದ ಗುಡ್ಡದಲ್ಲಿ ಭಂಡಾರ ಎರಚುವಾಗ ಏಳುವ ಹಳದಿ ಮೋಡವನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಅಂಗಳಕ್ಕೆ ಜಾತ್ರೆ ಮೊದಲೇ ಬಂತು. ಮೋಡದೊಳಗಿನಿಂದ ಮಾವನವರ ದನಿ ಮೊಳಗಿತು: "ಏಳು ಕೋಟಿಗೇ..." ಭಕ್ತಿಯಿಂದಲೋ ಸಿಟ್ಟಿನಿಂದಲೋ ಈಗಲೂ ಖಚಿತವಿಲ್ಲ. ಒಮ್ಮೆ ಒತ್ತಿದ ಡಬ್ಬಿಯಲ್ಲಿ ಪುಡಿ ಉಳಿದರೂ ಒತ್ತಡ ನಿಲ್ಲುವುದಿಲ್ಲ, ಮತ್ತೆ ತುಂಬಿಸಲೇಬೇಕು. ಕಲಬುರಗಿಗೆ ಕಳಿಸಿ ತುಂಬಿಸಿ ತರಿಸಿದೆ. ಈ ಸಲ ಮೊಮ್ಮಗನ ಕೈಗೆ ಪಿನ್ನು ಬರಬಾರದೆಂದು ಅದಕ್ಕೆ ಬೇಲಿಯ ತಂತಿ ತಂದು ಇಕ್ಕಳದಿಂದ ನಾಲ್ಕು ಸುತ್ತು ಬಿಗಿದೆ.

ಹೊರಡುವ ಮುನ್ನಾದಿನ ರಾತ್ರಿ ಕವಾಯತು. ಗಾಡಿಯೊಳಗೆ ಎಲ್ಲರೂ ಮಲಗಬೇಕು, ನಾನು ಸೀಟಿ ಊದಿದಾಗ ಎದ್ದು ಹೊರಗೆ ಓಡಿ ಬೇವಿನ ಗಿಡದ ಕೆಳಗೆ ಸೇರಬೇಕು. ಮುಂಬಾಗಿಲು ಒಂದು, ಹಿಂದಿನದು ಇನ್ನೊಂದು. ಎರಡು ಸಾಲದು, ಪಕ್ಕಕ್ಕೆ ಮೂರನೆಯದೊಂದು ಕೊರೆಸೋಣವೆಂದು ನಾನು ಮೊದಲೇ ಸೂಚಿಸಿದ್ದೆ. ಪರವಾನಗಿ ಇಲ್ಲದೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆ 1988, ಕಲಂ 52 ಎಂದು ಮೈದುನ ನನ್ನ ಮುಖಕ್ಕೇ ಓದಿದ. ಜೀವಮಾನವೆಲ್ಲ ಮಂದಿಗೆ ಕಲಂ ತೋರಿಸಿ ವಾಪಸು ಕಳಿಸಿದವನಿಗೆ ಅದು ಎಷ್ಟು ನೋಯುತ್ತದೆಂದು ಆಗ ಗೊತ್ತಾಯಿತು.

ಸೀಟಿ ಊದಿದೆ. ಹಿಂಬಾಗಿಲು ತೆರೆಯಲಿಲ್ಲ, ಅದಕ್ಕೆ ಅಡ್ಡವಾಗಿ ಜೋಳದ ಹಿಟ್ಟಿನ ಚೀಲ, ಅದರ ಮೇಲೆ ನನ್ನದೇ ಸೂಟ್‌ಕೇಸು. ಎಲ್ಲರೂ ಮುಂಬಾಗಿಲಿಗೆ ನುಗ್ಗಿದರು. ಅತ್ತೆ ಇಳಿದರು, ಮಕ್ಕಳು ಇಳಿದರು, ಮಾವನವರು ಇಳಿದವರೇ ತಿರುಗಿ ಒಳಗೆ ಹೋದರು. ಬೆಂಕಿಯಲ್ಲಿ ಸಾಮಾನಿಗೆಂದು ಮರಳಿ ಹೋಗಬಾರದು ಎಂದು ನಾನು ಕೂಗುತ್ತಿದ್ದೆ. "ಹಲ್ಲು ಸಾಮಾನೇನೋ?" ಎಂದು ಒಳಗಿನಿಂದ ಉತ್ತರ ಬಂತು. ಅವರು ಹೊರಬಿದ್ದ ಮೇಲೆ ತಲೆ ಎಣಿಸಿದರೆ ಅರ್ಧ ಮಂದಿಯೇ ಇಲ್ಲ. ಎದೆ ಧಸಕ್ಕೆಂದಿತು. ನೋಡಿದರೆ ಅವರು ಓಣಿಯ ಆಚೆ ತುದಿಯ ಬೇವಿನ ಗಿಡದ ಕೆಳಗೆ ನಿಂತು ನಮ್ಮನ್ನು ಎಣಿಸುತ್ತಿದ್ದರು. ಸುರಪುರದಲ್ಲಿ ಬೇವಿನ ಗಿಡದ ಕೆಳಗೆ ಸೇರಿರಿ ಎಂದು ಹೇಳುವುದೂ ಒಂದೇ, ಎಲ್ಲಾದರೂ ಹೋಗಿ ಎಂದು ಹೇಳುವುದೂ ಒಂದೇ. ಚೀಲ, ಸೂಟ್‌ಕೇಸು ಅಲ್ಲಿಂದ ಎತ್ತಿಸಿದೆ. ಆವತ್ತಿನಿಂದ ರಾತ್ರಿ ಗಾಡಿ ನಿಲ್ಲಿಸಿದಲ್ಲೆಲ್ಲ ಹೆಂಡತಿ ಒಂದು ಬಿಳಿ ಟವೆಲನ್ನು ದೂರದ ಗಿಡಕ್ಕೆ ಕಟ್ಟಿ, ಮಲಗುವ ಮುನ್ನ ಎಲ್ಲರಿಗೂ ತೋರಿಸುತ್ತಾಳೆ. ಅಷ್ಟೇ ಸಾಕು. ನನ್ನ ನಕಾಶೆ ಯಾರೂ ಕೇಳಲಿಲ್ಲ.

ಮೈಲಾಪುರದ ಹಾದಿಯಲ್ಲಿ ತಪಾಸಣೆ. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯನ್ನು ನಿಷೇಧಿಸಿರುವುದರಿಂದ ಜಾತ್ರೆಗೆ ಬರುವ ಗಾಡಿಗಳನ್ನೆಲ್ಲ ನಿಲ್ಲಿಸಿ ನೋಡುತ್ತಾರೆ. "ಕುರಿಮರಿ ಅದಾವೇನ್ರಿ?" ಎಂದ ಪೊಲೀಸಪ್ಪ. ಇಲ್ಲವೆಂದು ಹೇಳಿ, ಆದರೆ ಏನೇನಿದೆ ಎಂದು ಕಡತ ತೆಗೆದು ಓದಲು ಶುರುಮಾಡಿದೆ. ಅದೇ ಹೊತ್ತಿಗೆ ಒಳಗಿನಿಂದ ಸಣ್ಣಗೆ ಕುಂಯ್ ಎಂದಿತು. ಪೊಲೀಸಪ್ಪ ಕಿವಿ ನಿಮಿರಿಸಿದ. ಮತ್ತೆ ಕುಂಯ್. ಅವನು ಮಂಚದಡಿ ಬಗ್ಗಿದ, ಕೌದಿ ಎತ್ತಿದ, ಹಿಟ್ಟಿನ ಚೀಲ ಒತ್ತಿ ನೋಡಿದ, ಅತ್ತೆಯ ಸೆರಗಿನ ಕಡೆ ಅನುಮಾನದಿಂದ ನೋಡಿ ಸುಮ್ಮನಾದ. ನಮ್ಮ ಹೊಗೆಯಂತ್ರದ ಬ್ಯಾಟರಿ ಮುಗಿಯಲು ಬಂದಿತ್ತು. ಮುಗಿಯುವ ಮುನ್ನ ಅವು ಹೀಗೆ ಆಗಾಗ ಕೀರಲು ದನಿ ತೆಗೆಯುತ್ತವೆ. ಮಂಗನ ಟೋಪಿ ಬಿಚ್ಚಿ ತೋರಿಸಿದಾಗ ಅವನು ಟೋಪಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿ, "ಹೋಗ್ರಿ, ದೇವರು ನಿಮಗ ಛಲೋ ಮಾಡ್ಲಿ," ಎಂದು ಬಿಟ್ಟ.

ಮರಳಿ ಬರುವಾಗ ಹತ್ತಿಗೂಡೂರಿನ ಹತ್ತಿರ ಮೈದುನ ಹೆದ್ದಾರಿ ಬಿಟ್ಟು ಒಳಗಿನ ಕಾಲುವೆಯ ದಾರಿ ಹಿಡಿದ. ತೊಗರಿಯ ರಾಶಿಯ ದಿನಗಳು. ಡಾಂಬರಿನ ಮೇಲೆ ಉದ್ದಕ್ಕೂ ತೊಗರಿಕಟ್ಟಿಗೆ ಹರಡಿದ್ದರು, ಹೋಗಿಬರುವ ಗಾಡಿಗಳೇ ಒಕ್ಕಲಿ ಎಂದು. ಪುಕ್ಕಟೆ ಕಣ. ಮೆತ್ತಗಿನ ಹಾಸಿನ ಮೇಲೆ ಗಾಡಿ ಹಾಯಾಗಿ ತೇಲಿತು. ಸ್ವಲ್ಪ ದೂರ ಹೋಗುವುದರಲ್ಲಿ ಕಮಟು ವಾಸನೆ. ನಾನು ಖಾತೆಯ ಸಚಿವ. ಮೂಗು ಎತ್ತಿ ಪರಿಶೀಲಿಸಿ, ಇದು ಮಾವನವರ ಬೀಡಿ ಎಂದು ಷರಾ ಬರೆದೆ. ಮಾವನವರು ಬಾಯಿ ತೆರೆದು ತೋರಿಸಿದರು, ಬೀಡಿ ಇರಲಿಲ್ಲ, ಹಲ್ಲೂ ಇರಲಿಲ್ಲ. "ಗಾಡಿ ನಿಂದ್ರಸೋ," ಎಂದರು ಅತ್ತೆ. ಗಾಡಿ ನಿಂತಿತು, ಎಂಜಿನ್ ಆರಿತು. ಮಾತಿಲ್ಲದೆ ಎಲ್ಲರೂ ಇಳಿದು ದೂರದ ಜಾಲಿಗಿಡದ ಕಡೆ ನಡೆದರು, ಹಲ್ಲಿಗೂ ಯಾರೂ ತಿರುಗಲಿಲ್ಲ. ಗಾಡಿಯಡಿ ಬಗ್ಗಿ ನೋಡಿದರೆ, ತೊಗರಿಯ ಬರಲು ತಿರುಗುವ ಶಾಫ್ಟಿಗೆ ಸುತ್ತಿ ಸುತ್ತಿ ತೆಕ್ಕೆಯಾಗಿ, ಕಾದ ಸೈಲೆನ್ಸರಿಗೆ ಒತ್ತಿ ನಿಂತು ಹೊಗೆಯಾಡುತ್ತಿತ್ತು. ಒಣಬೆಳೆಯ ಮೇಲೆ ಹಾಯ್ದ ಎಷ್ಟೋ ಕಾರುಗಳು ಹೀಗೇ ಸುಟ್ಟಿವೆ.

ನಾನು ಕೆಂಪು ಡಬ್ಬಿ ಹಿಡಿದು ಮಂಡಿಯೂರಿದೆ. ಗುರಿ ಬುಡಕ್ಕೆ. ಪಿನ್ನಿಗೆ ಕೈ ಹಾಕಿದೆ. ಬೇಲಿಯ ತಂತಿ ನಾಲ್ಕು ಸುತ್ತು ಬಿಗಿದವನು ಅದನ್ನು ಬಿಡಿಸಲು ಇಕ್ಕಳವನ್ನು ಸುರಪುರದಲ್ಲೇ ಬಿಟ್ಟು ಬಂದಿದ್ದ. ಉಗುರಿನಿಂದ ಕೆದರಿದೆ, ಹಲ್ಲು ಹಚ್ಚಿದೆ. ಮೊದಲ ಸುತ್ತು ಬಿಚ್ಚುವಷ್ಟರಲ್ಲಿ ಹೆಂಡತಿ ಕುಡಿಯುವ ನೀರಿನ ಕ್ಯಾನನ್ನು ಪಕ್ಕಕ್ಕೆ ಬಾಗಿಸಿ ಮಗ್ಗಿನಿಂದ ಗೊಜ್ಜಿದಳು. ಎಣ್ಣೆಯ ಬೆಂಕಿಯಾಗಿದ್ದರೆ ನೀರು ಹಾಕಿದ್ದು ಅನಾಹುತ, ಇದು ಬರೀ ಕಟ್ಟಿಗೆ. ಚುಂಯ್ ಎಂದು ಸುಮ್ಮನಾಯಿತು. ಅಷ್ಟರಲ್ಲಿ ಹೊಲದಿಂದ ಒಬ್ಬ ಹೆಣ್ಣುಮಗಳು ಕುಡಗೋಲು ಹಿಡಿದು ಬಂದಳು. ಗಾಡಿಯಡಿ ಅರ್ಧ ಮೈ ತೂರಿಸಿ, ಕೈಗೆ ಸೆರಗು ಸುತ್ತಿಕೊಂಡು, ಆ ತೆಕ್ಕೆಯನ್ನು ಕೊಯ್ದು ಕೊಯ್ದು ಎಳೆದು ಹೊರಹಾಕಿದಳು. ಮಸಿ ಹಿಡಿದ ಬರಲಿನೊಳಗೆ ಒಡೆಯದ ಕಾಯಿಗಳು ಇನ್ನೂ ಇದ್ದವು. ಅವನ್ನು ಬಿಡಿಸಿ ಉಡಿಗೆ ಹಾಕಿಕೊಳ್ಳುತ್ತ ನನ್ನನ್ನು ನೋಡಿದಳು. ಬಾಯಲ್ಲಿ ತಂತಿ, ಕೈಯಲ್ಲಿ ಕುಂಕುಮ ಹಚ್ಚಿದ ಡಬ್ಬಿ.

"ಏನ್ ಪೂಜಿ ನಡಿಸ್ಯಾರ ಇವರು?" ಎಂದು ನನ್ನ ಹೆಂಡತಿಯನ್ನು ಕೇಳಿದಳು.

"ಬೆಂಕಿ ಖಾತಿ ಇವರ್ದೇ," ಎಂದಳು ಹೆಂಡತಿ.

ನಾನು ಜೇಬಿನಿಂದ ನೂರರ ನೋಟು ತೆಗೆದೆ. ಆಕೆ ಅದನ್ನು ನೋಡಲೂ ಇಲ್ಲ. ನಮ್ಮ ಗಾಡಿ ಎಳೆದುಕೊಂಡು ಬಂದಿದ್ದ ಕಟ್ಟಿಗೆಯನ್ನು ಹೊತ್ತು ಮತ್ತೆ ಡಾಂಬರಿನ ಮೇಲೆ ಕೊಡವಿ ಹರಡಿ, ಕುಡಗೋಲಿನ ತುದಿಯಿಂದ ಬಂದ ದಾರಿಯನ್ನು ತೋರಿಸಿದಳು.

"ರೊಕ್ಕ ಇಟ್ಕೋರ್ರಿ ಅಣ್ಣಾರ. ಈ ಕಡಿದು ಇನ್ನಾ ಒಡದಿಲ್ಲ, ಹಿಂದ ಹೋಗಿ ಇನ್ನೊಂದು ರೌಂಡ್ ಹೊಡೀರಿ."